ಹೆಸರು ಅವರದು, ವಕೀಲರ ಫೀಸು ನಮ್ಮದಾ?

1/5
ಡಿಗ್ರಿ ಮುಗಿದ ಮೇಲೆ ಏನ್ ಮಾಡ್ತೀಯಾ ಅಂತ ಕೇಳಿದ್ರೆ ನಮ್ಮ ಕ್ಲಾಸಲ್ಲೇ ಮೂರು ನಾಲ್ಕು ಜನ "ಟೀ ಫ್ರಾಂಚೈಸಿ ತಗೋತೀನಿ" ಅಂತಾರೆ. ತಪ್ಪೇನಿಲ್ಲ. ಆದ್ರೆ ಅಪ್ಪನ ಪಿಎಫ್ ದುಡ್ಡು ಹಾಕೋ ಮುಂಚೆ ಒಂದು ಪ್ರಶ್ನೆ ಕೇಳಿ. ಅಂಗಡಿ ತೆರೆದು ಆರು ತಿಂಗಳಿಗೆ ಬೇರೆ ಯಾರೋ "ಆ ಬೋರ್ಡಲ್ಲಿರೋ ಹೆಸರು ನಮ್ಮದು, ತೆಗೀರಿ" ಅಂತ ಲೀಗಲ್ ನೋಟಿಸ್ ಕಳಿಸಿದ್ರೆ, ವಕೀಲರ ಫೀಸು ಯಾರು ಕಟ್ಟೋದು?
"ಕಂಪನಿಯವರು ನೋಡ್ಕೋತಾರೆ" ಅಂದ್ರಾ? ಅಗ್ರಿಮೆಂಟಲ್ಲಿ ಎಲ್ಲಿದೆ, ತೋರಿಸಿ.

2/5
ರಾಯಲ್ಟಿ ಅಂದ್ರೆ ಹೆಸರಿನ ಬಾಡಿಗೆ. ಬಾಡಿಗೆ ಮನೇಲಿದ್ದಾಗ ಯಾರೋ ಬಂದು "ಈ ಮನೆ ನಂದು" ಅಂದ್ರೆ ಓನರನ್ನ ಕರೀತೀರಿ ತಾನೆ? ಮನೆ ಅವರದು, ಜಗಳವೂ ಅವರದು.
ಈಗ ಕಾನೂನು ನೋಡಿ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಸೆಕ್ಷನ್ 53ರ ಪ್ರಕಾರ, ನೋಂದಾಯಿತ ಬಳಕೆದಾರ ಆಗದೆ ಬರೀ ಅನುಮತಿ ಮೇಲೆ ಹೆಸರು ಬಳಸೋರು ಉಲ್ಲಂಘನೆಯ ಕೇಸ್ ಹಾಕೋ ಹಾಗಿಲ್ಲ. ಪಕ್ಕದ ಬೀದೀಲಿ ಅದೇ ಹೆಸರಿನ ನಕಲಿ ಅಂಗಡಿ ಬಂದ್ರೂ ನೀವು ಕಂಪನಿಯ ಮುಖ ನೋಡ್ಬೇಕು. ಆದ್ರೆ ನಿಮ್ಮ ಮೇಲೆ ಕೇಸ್ ಹಾಕೋಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಹಕ್ಕು ಅವರಿಗೆ, ಏಟು ನಮಗೆ. ಇದ್ಯಾವ ನ್ಯಾಯ?

3/5
"ದೊಡ್ಡ ಬ್ರ್ಯಾಂಡ್ ಗುರು, ಏನೂ ಆಗಲ್ಲ" ಅನ್ನೋರಿಗೆ: ಪುಣೆಯಲ್ಲಿ ಮೊದಲಿಂದ ಇದ್ದ ಬರ್ಗರ್ ಕಿಂಗ್ ಅನ್ನೋ ಹೋಟೆಲ್ ಮೇಲೆ ಅಮೆರಿಕದ ಬರ್ಗರ್ ಕಿಂಗ್ 2011ರಲ್ಲಿ ಕೇಸ್ ಹಾಕ್ತು. 2024ರಲ್ಲಿ ಪುಣೆ ಕೋರ್ಟ್ ಆ ಕೇಸನ್ನ ವಜಾ ಮಾಡ್ತು. ವಿಷಯ ಅಲ್ಲಿಗೂ ಮುಗೀಲಿಲ್ಲ, ಮೇಲ್ಮನವಿ ಬಾಂಬೆ ಹೈಕೋರ್ಟಿಗೆ ಹೋಯ್ತು. ಮೊದಲ ಕೋರ್ಟಲ್ಲೇ 13 ವರ್ಷ! ಅಷ್ಟು ವರ್ಷ ವಕೀಲರಿಗೆ ದುಡ್ಡು ಕಟ್ಟೋ ತಾಕತ್ತು ಒಂದು ಟೀ ಅಂಗಡಿಗೆ ಇದ್ಯಾ?

4/5
ಅಮೆರಿಕದಲ್ಲಿ ಫ್ರಾಂಚೈಸಿ ಮಾರೋರು ಸಹಿಗೆ ಕನಿಷ್ಠ 14 ದಿನ ಮುಂಚೆ ಒಂದು ದಾಖಲೆ ಕೊಡ್ಲೇಬೇಕು. ಅದರ 13ನೇ ಅಂಶ ಪೂರ್ತಿ ಟ್ರೇಡ್‌ಮಾರ್ಕ್ ಬಗ್ಗೆ: ಹೆಸರಿನ ಮೇಲೆ ತಕರಾರು ಬಂದ್ರೆ ಕಂಪನಿ ನಿಮ್ಮ ಪರ ನಿಲ್ಲುತ್ತಾ, ಖರ್ಚು ವಾಪಸ್ ಕೊಡುತ್ತಾ, ಕೇಸಿನ ಹಿಡಿತ ಯಾರದು? ಕೊಡ್ಲೇಬೇಕು ಅಂತ ಅಲ್ಲಿನ ನಿಯಮವೂ ಹೇಳಲ್ಲ, ನಿಜ. ಆದ್ರೆ ಕೊಡಲ್ಲ ಅಂದ್ರೆ ಅದನ್ನ ಮೊದಲೇ ಬರೆದು ಹೇಳ್ಬೇಕು. ನಮ್ಮಲ್ಲಿ ಫ್ರಾಂಚೈಸಿಗೇ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. ಹಾಗಾಗಿ ನಿಮಗೆ ಅಗ್ರಿಮೆಂಟೇ ಗತಿ.

5/5
"ಫ್ರಾಂಚೈಸಿಯವನೇ ಲೋಗೋ ತಿರುಚಿ ಕೇಸ್ ಎಳ್ಕೊಂಡ್ರೆ ನಾವ್ಯಾಕೆ ಕೊಡ್ಬೇಕು?" ಅಂತ ಕಂಪನಿಯವರು ಕೇಳ್ತಾರೆ. ಸರಿಯಾದ ಮಾತೇ. ಅವನ ತಪ್ಪಾದ್ರೆ ಅವನೇ ಕಟ್ಲಿ. ಆದ್ರೆ ನೀವು ಹೇಳಿದ ಹೆಸರು, ನೀವು ಕೊಟ್ಟ ಬೋರ್ಡ್, ನೀವು ಹಾಕಿದ ಬಣ್ಣ, ಎಲ್ಲಾ ನಿಮ್ಮ ಮಾತಿನಂತೆ ನಡೆಸಿದವನಿಗೆ ಬಿಲ್ ಕಳಿಸಬೇಡಿ.

ಸಹಿ ಹಾಕೋ ಮುಂಚೆ ಈ ನಾಲ್ಕನ್ನ ಬರೆಸಿಕೊಳ್ಳಿ:
✅ ಹೆಸರಿನ ಕೇಸಿಗೆ ವಕೀಲರ ಫೀಸು, ಕೋರ್ಟ್ ಖರ್ಚು ಕಂಪನಿಯದು
✅ ಪರಿಹಾರ ಕಟ್ಟಬೇಕಾದ್ರೆ ಅದೂ ಕಂಪನಿಯದು
✅ ಹೆಸರು ಬದಲಾದ್ರೆ ಹೊಸ ಬೋರ್ಡು, ಕಪ್ಪು, ಮೆನು ಖರ್ಚು ಕಂಪನಿಯದು
✅ ನೋಟಿಸ್ ಬಂದ ಎಷ್ಟು ದಿನದೊಳಗೆ ನಾವು ತಿಳಿಸ್ಬೇಕು, ಎಷ್ಟು ದಿನದಲ್ಲಿ ಅವರು ದುಡ್ಡು ಕೊಡ್ಬೇಕು

ನಷ್ಟ ಭರ್ತಿ ಮಾಡ್ತೀವಿ ಅನ್ನೋ ಮಾತು ಅಗ್ರಿಮೆಂಟಲ್ಲಿ ಇದ್ರೆ, 1872ರ ಕರಾರು ಕಾಯ್ದೆಯ ಸೆಕ್ಷನ್ 125 ನಿಮ್ಮ ಕೈ ಹಿಡಿಯುತ್ತೆ. ಬರೀ ಫೋನಲ್ಲಿ "ನಾವಿದ್ದೀವಿ ಬಿಡಿ ಸರ್" ಅಂದಿದ್ದನ್ನ ಕೋರ್ಟಲ್ಲಿ ಹೇಗೆ ತೋರಿಸ್ತೀರಿ?

ಬರೆದು ಕೊಡಲ್ಲ ಅಂದ್ರೆ ಎದ್ದು ಬನ್ನಿ. ತನ್ನ ಹೆಸರಿನ ಮೇಲೆ ತನಗೇ ನಂಬಿಕೆ ಇಲ್ಲದವನಿಗೆ ನೀವ್ಯಾಕೆ ಬಾಡಿಗೆ ಕಟ್ಟಬೇಕು?

ಫ್ರಾಂಚೈಸಿ ತಗೋತೀನಿ ಅಂತಿರೋ ಆ ಫ್ರೆಂಡನ್ನ ಟ್ಯಾಗ್ ಮಾಡಿ 👇
#ಓದಿಸಹಿಹಾಕಿ #ಫ್ರಾಂಚೈಸಿ #ಕನ್ನಡದಲ್ಲಿಕಾನೂನು