ನೀರಿನ ಜಗಳವೂ ಹಾಡಿನ ಲೆಕ್ಕವೂ

ಕಳೆದ ಬೇಸಗೆಯಲ್ಲಿ ನಮ್ಮ ಸೀಮೆಯ ಕೆಲವು ಮಹನೀಯರು ಒಂದೆಡೆ ಸೇರಿ, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳು ನಾಡಿಗೆ ಕೊಟ್ಟ ಸಾಹಿತಿ ಕಲಾವಿದರದೊಂದು ಪಟ್ಟಿಯನ್ನು ಮಾಡಹೊರಟರು. ನಾಲ್ಕಕ್ಷರ ಬಲ್ಲವನೆಂದು ನನ್ನನ್ನೂ ಕರೆದಿದ್ದರು. ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರ ಹೆಸರು ಬಂತು, ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರ ಹೆಸರು ಬಂತು. ಗೀತನಾಟಕಗಳನ್ನು ಬರೆದ ಮೇಲುಕೋಟೆಯ ಪು.ತಿ.ನ. ಅವರ ಹೆಸರು ಬಂತು. ನಟನಟಿಯರ ಸರದಿ ಬಂದಾಗ ನಾನು, ‘ಮೇಲುಕೋಟೆಯಲ್ಲೇ ಹುಟ್ಟಿದ ಜಯಲಲಿತಾ ಅವರನ್ನೂ ಬರೆದುಕೊಳ್ಳಿ’ ಎಂದೆ. ಬರೆಯುತ್ತಿದ್ದ ಕೈ ನಿಂತಿತು. ಹಿರಿಯರೊಬ್ಬರು ವೀಳ್ಯವನ್ನು ದವಡೆಗೆ ಸರಿಸಿ, ‘ಆಯಮ್ಮ ನಮ್ ನೀರ್ ಕೇಳ್ದೋಳು ಸ್ವಾಮಿ. ಆ ಹೆಸರು ಹಾಕುದ್ರೆ ನಾವು ಊರೊಳಗೆ ತಿರುಗಾಡೋ ಹಂಗಿಲ್ಲ’ ಎಂದರು. ಪಟ್ಟಿ ಮುಂದಿನ ಹೆಸರಿಗೆ ಹೋಯಿತು.

ಆ ಹಿರಿಯರ ಸಿಟ್ಟನ್ನು ನಾನು ಹಗುರವಾಗಿ ಕಾಣುವವನಲ್ಲ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ಬೆಳಗಾಗೆದ್ದು ಪತ್ರಿಕೆಯಲ್ಲಿ ನೋಡುವ ಮನೆಯಲ್ಲಿ ಬೆಳೆದವನು ನಾನು. 1991ರಲ್ಲಿ ನ್ಯಾಯಮಂಡಳಿ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಅದೇ ವರ್ಷ ಆಕೆ ತಮಿಳುನಾಡಿನ ಮುಖ್ಯಮಂತ್ರಿಯಾದರು. 1993ರಲ್ಲಿ ಕಾವೇರಿ ನೀರಿಗಾಗಿ ಮರೀನಾ ತೀರದಲ್ಲಿ ಉಪವಾಸ ಕುಳಿತರು. 2016ರ ಸೆಪ್ಟೆಂಬರಿನಲ್ಲಿ ನಮ್ಮ ರೈತರು ಬೀದಿಗಿಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಒಂದು ಮಾತು. ಮೈಸೂರಿಗೂ ಮದರಾಸಿಗೂ ನೀರಿನ ಒಪ್ಪಂದವಾದದ್ದು 1892ರಲ್ಲಿ, ಮತ್ತೆ 1924ರಲ್ಲಿ. ಈಕೆ ಹುಟ್ಟಿದ್ದು 1948ರ ಫೆಬ್ರವರಿ 24ರಂದು. ತನಗಿಂತ ಹಿರಿದಾದ ಜಗಳಕ್ಕೆ ಈಕೆಯೇ ತಾಯಿಯೆಂದರೆ ಹೇಗೆ? 2016ರ ಡಿಸೆಂಬರಿನಲ್ಲಿ ಆಕೆ ತೀರಿಕೊಂಡರು, ಜಗಳ ತೀರಲಿಲ್ಲ. ಸುಪ್ರೀಂ ಕೋರ್ಟು 177.25 ಟಿಎಂಸಿಯ ತೀರ್ಪು ಕೊಟ್ಟದ್ದು 2018ರಲ್ಲಿ.

ರಾಜಕಾರಣಿಯನ್ನು ಕುರಿತು ನನಗೇನೂ ವಕಾಲತ್ತಿಲ್ಲ. 2014ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅಕ್ರಮ ಆಸ್ತಿಯ ಮೊಕದ್ದಮೆಯಲ್ಲಿ ಆಕೆಗೆ ಶಿಕ್ಷೆ ವಿಧಿಸಿದ್ದನ್ನೂ, 2015ರಲ್ಲಿ ಹೈಕೋರ್ಟು ಬಿಡುಗಡೆ ಮಾಡಿದ್ದನ್ನೂ ಬಲ್ಲೆ. ಆ ಲೆಕ್ಕವನ್ನು ಬರೆಯುವವರು ಬೇರೆ ಇದ್ದಾರೆ. ನಾನು ಕೇಳುತ್ತಿರುವುದು ಕಲೆಯ ಲೆಕ್ಕ.

ಆ ಲೆಕ್ಕ ಶುರುವಾದದ್ದೇ ಕನ್ನಡದಲ್ಲಿ. 1961ರ ‘ಶ್ರೀಶೈಲ ಮಹಾತ್ಮೆ’ಯಲ್ಲಿ ಆಕೆ ಬಾಲನಟಿ. 1964ರಲ್ಲಿ ಬಿ. ಆರ್. ಪಂತುಲು ಅವರ ‘ಚಿನ್ನದ ಗೊಂಬೆ’ಯಲ್ಲಿ ನಾಯಕಿಯಾದಾಗ ವಯಸ್ಸು 16. ‘ಮನೆ ಅಳಿಯ’, ‘ಮಾವನ ಮಗಳು’, ‘ನನ್ನ ಕರ್ತವ್ಯ’, ‘ಬದುಕುವ ದಾರಿ’ ಆಮೇಲಿನವು. 1965ರಲ್ಲಿ ‘ವೆನ್ನಿರ ಆಡೈ’ ಬಂತು, ‘ಆಯಿರತ್ತಿಲ್ ಒರುವನ್’ ಬಂತು, ಅದರ ನಿರ್ದೇಶಕರೂ ನಮ್ಮ ಪಂತುಲು ಅವರೇ, ಹುಡುಗಿ ಮದರಾಸಿನವಳಾದಳು. ಮೊದಲ ಅವಕಾಶ ಕೊಟ್ಟವರು ನಾವು, ಉಳಿಸಿಕೊಂಡವರು ಅವರು. ಈಗ ‘ಅವಳು ಅವರವಳು’ ಎಂದು ಮುಖ ತಿರುವುವುದು ಯಾವ ನ್ಯಾಯ?

ಆಕೆ ಹಾಡಿದ್ದೂ ಉಂಟು. 1969ರ ‘ಅಡಿಮೈ ಪೆಣ್’ ಚಿತ್ರದಲ್ಲಿ ಕೆ. ವಿ. ಮಹಾದೇವನ್ ಅವರ ಸಂಗೀತಕ್ಕೆ ತಾಯಿಯನ್ನು ಕುರಿತ ಹಾಡೊಂದನ್ನು ಸ್ವಂತ ಕಂಠದಲ್ಲಿ ಹಾಡಿದರು. 1973ರ ‘ಸೂರ್ಯಕಾಂತಿ’ಯಲ್ಲೂ ಹಾಡಿದರು. ಇದು ಸಣ್ಣ ಮಾತಲ್ಲ. ನಮ್ಮ ನಾಟಕ ಕಂಪೆನಿಗಳ ಕಾಲದಲ್ಲಿ ಹಾಡಲಾರದವನು ನಟನೇ ಅಲ್ಲ. ಹೊನ್ನಪ್ಪ ಭಾಗವತರನ್ನು, ಬಿ. ಜಯಮ್ಮನವರನ್ನು ಜನ ನೋಡಲು ಹೋದಷ್ಟೇ ಕೇಳಲೂ ಹೋಗುತ್ತಿದ್ದರು. ಹಿನ್ನೆಲೆ ಗಾಯನ ಬಂದು ಮುಖವೊಬ್ಬರದು, ದನಿಯೊಬ್ಬರದು ಎಂದಾಯಿತು. ಇಂಗ್ಲಿಷರಲ್ಲೂ ಇದೇ ಕಥೆ: ‘ಮೈ ಫೇರ್ ಲೇಡಿ’ಯನ್ನು ರಂಗದ ಮೇಲೆ ಹಾಡಿ ಗೆಲ್ಲಿಸಿದ ಜೂಲಿ ಆಂಡ್ರೂಸ್ ಅವರನ್ನು ಬಿಟ್ಟು, 1964ರ ಚಿತ್ರಕ್ಕೆ ಆಡ್ರಿ ಹೆಪ್‌ಬರ್ನ್ ಅವರನ್ನು ತಂದು, ಹಾಡುಗಳಲ್ಲಿ ಬಹುಪಾಲನ್ನು ಬೇರೊಬ್ಬರಿಂದ ಹಾಡಿಸಿದರು. ಆ ವರ್ಷದ ‘ಮೇರಿ ಪಾಪಿನ್ಸ್’ ಚಿತ್ರಕ್ಕೇ ಆಂಡ್ರೂಸ್ ಅವರಿಗೆ ಆಸ್ಕರ್ ಬಂತು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜಕುಮಾರ್ ಅವರು ಹಾಡಿದಾಗ ನಾವು ಹಿಗ್ಗಿದೆವು; ಹಿಗ್ಗಬೇಕಾದದ್ದೇ. ಅದಕ್ಕೆ ಐದು ವರ್ಷ ಮೊದಲು ಮೇಲುಕೋಟೆಯ ಹೆಣ್ಣುಮಗಳೊಬ್ಬಳು ಪರಭಾಷೆಯಲ್ಲಿ ಅದೇ ಸಾಹಸ ಮಾಡಿದ್ದು ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ.

ಕೆಲವರು ಹೇಳುತ್ತಾರೆ: ‘ಆಕೆಯೇ ತಮಿಳಳೆಂದುಕೊಂಡ ಮೇಲೆ ನಮಗೇನು?’ ಸರಿ. ತವರನ್ನು ಮರೆತ ಮಗಳೆಂದು ಮುನಿಸಿಕೊಳ್ಳಿ. ಆದರೆ ಮುನಿದ ತವರು ಮಗಳ ಜಾತಕವನ್ನು ಒಲೆಗೆ ಹಾಕುವುದಿಲ್ಲ. ಇವತ್ತು ನೀರು ಕೇಳಿದವರ ಹೆಸರು ಹೋಯಿತು. ನಾಳೆ ಪಕ್ಷ ಬದಲಿಸಿದವನದು, ನಾಡಿದ್ದು ನಮ್ಮ ಜಾತಿಗಾಗದವನದು ಹೋಗುತ್ತದೆ. ಆಮೇಲೆ ಉಳಿಯುವುದು ಕಲಾವಿದರ ಪಟ್ಟಿಯಲ್ಲ, ನಮಗೆ ಬೇಕಾದವರ ಪಟ್ಟಿ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರೆ ನಷ್ಟ ಯಾರಿಗೆ?

ಆಕೆಯ ದೇಹವನ್ನು ಮರೀನಾದಲ್ಲಿ ಮಣ್ಣು ಮಾಡಿದರು. ಸಂಪ್ರದಾಯದಂತೆ ದಹನವಾಗಲಿಲ್ಲವೆಂದು ಬಂಧುಗಳೆನಿಸಿಕೊಂಡವರು ಕೆಲವು ದಿನಗಳ ಮೇಲೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಒಂದು ಗೊಂಬೆಯನ್ನಿಟ್ಟು ಸಂಸ್ಕಾರ ಮಾಡಿದರು. ಶಾಸ್ತ್ರದ ಮಾತು ಪಂಡಿತರಿಗಿರಲಿ. ಯಾವ ನೀರಿಗಾಗಿ ಕಾದಾಡಿದೆವೋ ಆ ನೀರಿನ ದಡದಲ್ಲೇ, ನಮ್ಮ ಸೀಮೆಯಲ್ಲೇ, ಆಕೆಯ ಹೆಸರಿನಲ್ಲಿ ಎಳ್ಳುನೀರು ಬಿಡಲು ಜಾಗವಿತ್ತು. ನಮ್ಮ ಪಟ್ಟಿಯಲ್ಲಿ ಒಂದು ಸಾಲಿಗೆ ಜಾಗವಿಲ್ಲವೇ?

ಆಕೆ ನಾಯಕಿಯಾಗಿ ನಟಿಸಿದ ಕೊನೆಯ ಚಿತ್ರ 1980ರದು. ‘ನದಿಯನ್ನು ಹುಡುಕಿಕೊಂಡು ಬಂದ ಕಡಲು’ ಎಂಬುದು ಅದರ ತಮಿಳು ಹೆಸರಿನ ಅರ್ಥ. ಕಡಲು ಬರುವುದು ಬೇಡ. ಪ್ರತಿಮೆ ಬೇಡ, ಬೀದಿಗೆ ಹೆಸರು ಬೇಡ. ‘ಜಯಲಲಿತಾ, ನಟಿ, ಗಾಯಕಿ, ಮೇಲುಕೋಟೆ’ ಎಂದು ಒಂದು ಸಾಲು ಬರೆದುಕೊಳ್ಳಿ. ನೀರಿನ ಜಗಳವನ್ನು ಕೋರ್ಟಿನಲ್ಲಿ ಆಡೋಣ. ನಾನೂ ನಿಮ್ಮ ಪಕ್ಕದಲ್ಲೇ ನಿಲ್ಲುತ್ತೇನೆ.