ಮೂಲೆಯ ಒಂಬತ್ತು ಅಡಿಕೆ



ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ತಂಗಿಯ ಮೊಮ್ಮಗಳು ಕಾರ್ಗಲ್ಲಿನ ನಮ್ಮ ಮನೆಗೆ ಬಂದಿದ್ದಳು. ಶಿವಮೊಗ್ಗದ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಹತ್ತನೆಯ ತರಗತಿ. ನಿವೃತ್ತ ಗಣಿತ ಮೇಷ್ಟ್ರ ಕೈಗೆ ಹತ್ತನೆಯ ತರಗತಿಯ ಮಗು ಸಿಕ್ಕರೆ ಏನಾಗುತ್ತದೆಂದು ನಿಮಗೆ ವಿವರಿಸಬೇಕಾಗಿಲ್ಲ. ವರ್ಗ ಸಮೀಕರಣವೊಂದನ್ನು ಬರೆದುಕೊಟ್ಟು, ವರ್ಗವನ್ನು ಪೂರ್ಣಗೊಳಿಸಿ ಬಿಡಿಸು ಎಂದೆ.

"ಅದು ನಮಗಿಲ್ಲ ಅಜ್ಜ, ತೆಗೆದುಬಿಟ್ಟಿದಾರೆ. ಸೂತ್ರ ಹಾಕ್ಲಾ?" ಎಂದಳು. ಹಾಕಿದಳು, ಅರೆ ನಿಮಿಷದಲ್ಲಿ ಉತ್ತರ ಸರಿಯಾಗಿಯೇ ಬಂತು. "ಈ ಸೂತ್ರ ಎಲ್ಲಿಂದ ಬಂತು ಮಗಾ?" ಎಂದು ಕೇಳಿದೆ. "ಪುಸ್ತಕದಲ್ಲಿ ಕೊಟ್ಟಿದಾರೆ" ಎಂದಳು.

ತಪ್ಪು ಆ ಮಗುವಿನದಲ್ಲ. ಕೋವಿಡ್ ಸಾಂಕ್ರಾಮಿಕದ ತರುವಾಯ, ಮಕ್ಕಳ ಹೊರೆಯನ್ನು ಇಳಿಸಬೇಕೆಂಬ ಕಾರಣ ನೀಡಿ, ಎನ್‌ಸಿಇಆರ್‌ಟಿಯು 2022ರಲ್ಲಿ ಪಠ್ಯಪುಸ್ತಕಗಳಿಂದ ಕೈಬಿಡುವ ಭಾಗಗಳ ಪಟ್ಟಿಯನ್ನು ಹೊರಡಿಸಿತು. ಇತಿಹಾಸದಲ್ಲಿ ಏನು ಹೋಯಿತು, ವಿಜ್ಞಾನದಲ್ಲಿ ಏನು ಹೋಯಿತು ಎಂದು ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು, ನಡೆಯಬೇಕಾದದ್ದೇ. ಆದರೆ ಹತ್ತನೆಯ ತರಗತಿಯ ಗಣಿತದಲ್ಲಿ ವರ್ಗವನ್ನು ಪೂರ್ಣಗೊಳಿಸುವ ವಿಧಾನ ಹೋದದ್ದಕ್ಕೆ ಮರುಗಿದವರು ನನ್ನ ಕಣ್ಣಿಗೆ ಬೀಳಲಿಲ್ಲ. ಅಪವರ್ತನ ವಿಧಾನ ಉಳಿಯಿತು, ಸೂತ್ರವೂ ಉಳಿಯಿತು, ಆ ಸೂತ್ರವನ್ನು ಹೆತ್ತ ವಿಧಾನವೊಂದು ಹೋಯಿತು. ತಾಯಿಯನ್ನು ಹೊರಗಟ್ಟಿ ಕೂಸನ್ನು ಮಾತ್ರ ಇಟ್ಟುಕೊಂಡರು ಎಂದರೆ ಅತಿಯಾಗಲಾರದು.

ಇಷ್ಟು ಕೋಪಿಸಿಕೊಳ್ಳುವ ಅಧಿಕಾರ ನನಗಿದೆಯೇ ಎಂದು ನಿಮ್ಮಲ್ಲಿ ಹಳಬರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸೇವೆಗೆ ಸೇರಿದ ಹೊಸತರಲ್ಲಿ, 1980ರ ದಶಕದ ಕೊನೆಯಲ್ಲಿ, ನಾನೂ ಇದನ್ನೇ ಮಾಡಿದವನು. ವಿಧಾನವನ್ನು ಕಪ್ಪುಹಲಗೆಯ ಮೇಲೆ ಐದು ಸಾಲುಗಳಲ್ಲಿ ಮುಗಿಸಿ, ಕೊನೆಗೆ ಸೂತ್ರವನ್ನು ಬರೆದು ಸುತ್ತ ಚೌಕ ಹಾಕಿದ್ದೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಕೆಳಗೆ ಎರಡು ಎಲ್ಲಿಂದ ಬಂತು?" ಎಂದಳು. "ಅದು ಸೂತ್ರ, ಬರೆದುಕೋ. ಪರೀಕ್ಷೆಗೆ ಅಷ್ಟು ಸಾಕು" ಎಂದುಬಿಟ್ಟೆ. ಪಾಠ ಮುಗಿಸುವ ಆತುರವಿತ್ತು ಎಂಬುದು ಅರ್ಧ ನಿಜ. ಕಣ್ಣಿಗೆ ಕಾಣುವಂತಹ ಉತ್ತರ ನನ್ನಲ್ಲಿಯೇ ಇರಲಿಲ್ಲ ಎಂಬುದು ಉಳಿದರ್ಧ. ಆ ಹುಡುಗಿ ಕುಳಿತಳು. ವರ್ಷ ಮುಗಿಯುವವರೆಗೆ ಇನ್ನೊಂದು ಪ್ರಶ್ನೆಯನ್ನು ಕೇಳಲಿಲ್ಲ.

ನನಗೆ ಉತ್ತರ ದೊರೆತದ್ದು ಅಡಿಕೆಯ ಅಂಗಳದಲ್ಲಿ. ಸಾಗರದ ಕಡೆಯ ನೆಂಟರ ಮನೆಯಲ್ಲಿ ಚಾಲಿ ಒಣಹಾಕಿದ್ದರು. ಕಾವಲಿಗೆ ಕುಳಿತವನು ಸುಮ್ಮನೆ ಅಡಿಕೆಗಳನ್ನು ಜೋಡಿಸುತ್ತಿದ್ದೆ. (ಬೀಜಗಣಿತದ ಅವ್ಯಕ್ತವನ್ನು ಇಲ್ಲಿ 'ಯ' ಎಂದು ಬರೆಯುತ್ತೇನೆ. ಭಾಸ್ಕರಾಚಾರ್ಯರು 'ಯಾ' ಎಂದು ಬರೆದವರಾದ್ದರಿಂದ ಇದೇನೂ ಅಪಚಾರವಲ್ಲ.) ನಾಲ್ಕು ಸಾಲು, ಸಾಲಿಗೆ ನಾಲ್ಕು: ಹದಿನಾರು ಅಡಿಕೆಯ ಚೌಕ. ಇದು ಯ². ಇನ್ನು ನಾಲ್ಕು ನಾಲ್ಕರ ಆರು ಸಾಲುಗಳಿವೆ ಎನ್ನಿ, ಅದು 6ಯ. ಒಟ್ಟು ನಲವತ್ತು. ಆರೂ ಸಾಲುಗಳನ್ನು ಒಂದೇ ಕಡೆಗೆ ಇಟ್ಟರೆ ಉದ್ದನೆಯ ಪಟ್ಟಿಯಾಗುತ್ತದೆ, ಚೌಕವಾಗುವುದಿಲ್ಲ. ಮೂರನ್ನು ಬಲಕ್ಕೆ, ಮೂರನ್ನು ಕೆಳಕ್ಕೆ ಇಡಿ. ಚೌಕ ಆಗಿಯೇಬಿಟ್ಟಿತು ಎನ್ನುವಷ್ಟರಲ್ಲಿ ಬಲಗೆಳಗಿನ ಮೂಲೆ ಖಾಲಿ! ಅಲ್ಲಿ ಮೂರು ಮೂರಲೆ ಒಂಬತ್ತು ಅಡಿಕೆ ಇಟ್ಟಿರೋ, ನಲವತ್ತೊಂಬತ್ತು ಅಡಿಕೆಯ, ಏಳರ ಚೌಕ ಸಿದ್ಧ. ಯ² + 6ಯ = 40 ಎಂಬಲ್ಲಿ ಎರಡೂ ಕಡೆ 9 ಕೂಡಿಸಿ ಎಂದು ನಾವು ಮಂತ್ರದಂತೆ ಹೇಳುತ್ತಿದ್ದುದು ಈ ಖಾಲಿ ಮೂಲೆಯನ್ನು. (ಯ + 3)² = 49, ಆದ್ದರಿಂದ ಯ = 4. ಋಣ 10 ಎಂಬ ಇನ್ನೊಂದು ಮೂಲವನ್ನು ಅಡಿಕೆಯಲ್ಲಿ ತೋರಿಸಲಾಗದು. ಆ ಮಾತು ಬೇರೆ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿಯೂ ಇಂತಹುದೇ ಚಿತ್ರ ಬಿಡಿಸಿ ವಿವರಿಸಿದ್ದನೆಂದು ಆಮೇಲೆ ಓದಿ ತಿಳಿದೆ.

ಮುಂದಿನ ವರ್ಷದಿಂದ ನನ್ನ ಜೇಬಿನಲ್ಲಿ ಅಡಿಕೆಯ ಚೀಲವಿರುತ್ತಿದ್ದುದು ನಿಮಗೆ ನೆನಪಿರಬಹುದು. ಮೇಷ್ಟ್ರಿಗೆ ಕವಳದ ಚಟ ಹತ್ತಿದೆ ಎಂದು ನೀವು ನಗುತ್ತಿದ್ದುದೂ ನನಗೆ ಗೊತ್ತಿತ್ತು.

ಹೊರೆಯ ವಾದವನ್ನು ನಾನು ತಳ್ಳಿಹಾಕುವವನಲ್ಲ. ಎರಡು ವರ್ಷ ನಮ್ಮ ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕುತ್ತ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದ್ದನ್ನು ಕಂಡಿದ್ದೇನೆ. ಆಗ ಒಂದಿಷ್ಟು ಕಡಿಮೆ ಮಾಡಿದ್ದು ದಯೆಯೇ. ಆದರೆ ಮಕ್ಕಳು ಶಾಲೆಗೆ ಮರಳಿದ ಮೇಲೂ ಆ ಪುಟಗಳು ಮರಳಲಿಲ್ಲ. ಅಲ್ಲದೆ ಯಾವುದು ಹೊರೆ? ಅರ್ಥವಾದ ಅರ್ಧ ಪುಟವೋ, ಅರ್ಥವಾಗದೆ ಬಾಯಿಪಾಠ ಮಾಡಿದ ಒಂದು ಸಾಲೋ? ಪರೀಕ್ಷೆಯ ಮರುದಿನ ಯಾವುದು ಮರೆತುಹೋಗುತ್ತದೆ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಸೂತ್ರವಿದ್ದರೆ ಸಾಲದೆ ಎನ್ನುವವರಿಗೆ ಒಂದು ಲೆಕ್ಕ. ನಲವತ್ತು ಅಡಿ ಉದ್ದದ ಬೇಲಿಯಲ್ಲಿ ಆಯತಾಕಾರದ ತರಕಾರಿ ಹಿತ್ತಲನ್ನು ಸುತ್ತುವರಿಯಬೇಕು; ಜಾಗ ಆದಷ್ಟು ಹೆಚ್ಚು ಸಿಗಬೇಕು. ಒಂದು ಬದಿ ಯ ಆದರೆ ಇನ್ನೊಂದು 20 − ಯ. ಕ್ಷೇತ್ರಫಲ 20ಯ − ಯ². ಇಲ್ಲಿ ಬಿಡಿಸಲು ಸಮೀಕರಣವೇ ಇಲ್ಲ, ಸೂತ್ರವನ್ನು ಎಲ್ಲಿಗೆ ಹಾಕುವಿರಿ? ವರ್ಗವನ್ನು ಪೂರ್ಣಗೊಳಿಸಿದರೆ ಅದೇ 100 − (ಯ − 10)² ಆಗುತ್ತದೆ. ವರ್ಗವೆಂದೂ ಋಣವಾಗದು, ಆದ್ದರಿಂದ ನೂರು ಚದರಡಿಗಿಂತ ಹೆಚ್ಚು ಸಿಗದು, ಅದೂ ಯ ಹತ್ತಾದಾಗ ಮಾತ್ರ. ಪಿಯುಸಿಯಲ್ಲಿ ವೃತ್ತದ ಸಮೀಕರಣದಿಂದ ಕೇಂದ್ರವನ್ನು ತೆಗೆಯುವಾಗ, ಎರಡನೆಯ ವರ್ಷ ಅನುಕಲನ ಮಾಡುವಾಗ, ಇದೇ ಉಪಾಯ ಬೇಕು. ಹತ್ತರಲ್ಲಿ ಬಿಟ್ಟದ್ದನ್ನು ಉಪನ್ಯಾಸಕರು ಕಲಿಸಬೇಕು, ಇಲ್ಲವೇ ಅಪ್ಪ ದುಡ್ಡು ಕೊಟ್ಟು ಟ್ಯೂಷನ್ನಿಗೆ ಕಳಿಸಬೇಕು. ದುಡ್ಡಿಲ್ಲದ ಅಪ್ಪಂದಿರ ಮಕ್ಕಳಿಗೇ ಕಾರ್ಗಲ್ಲಿನಲ್ಲಿ ನಾನು ಹೆಚ್ಚಾಗಿ ಪಾಠ ಹೇಳಿದ್ದು.

ಇದೆಲ್ಲ ಹೊರಗಿನ ವಿದ್ಯೆಯೂ ಅಲ್ಲ. ನಮ್ಮ ಹೊಸನಗರ ತಾಲ್ಲೂಕಿನ ಹೊಂಬುಜ ಜೈನ ಮಠವು ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ವನ್ನು ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ 2000ದಲ್ಲಿ ಪ್ರಕಟಿಸಿತು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಗ್ರಂಥ. ಅದರಲ್ಲೊಂದು ಒಂಟೆಯ ಲೆಕ್ಕವಿದೆ: ಹಿಂಡಿನ ಕಾಲುಭಾಗ ಕಾಡಿನಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದಲ್ಲಿ, ಉಳಿದ ಹದಿನೈದು ಹೊಳೆಯ ದಡದಲ್ಲಿ, ಒಟ್ಟು ಎಷ್ಟು? ವರ್ಗಮೂಲವನ್ನು ಯ ಎಂದರೆ 3ಯ² − 8ಯ = 60. ಭಿನ್ನರಾಶಿಗೆ ಹೆದರುವವರಿಗಾಗಿ ಶ್ರೀಧರಾಚಾರ್ಯರ ನಿಯಮವಿದೆ. ಅವರ ಬೀಜಗಣಿತ ನಮಗೆ ದೊರೆತಿಲ್ಲ, ಭಾಸ್ಕರಾಚಾರ್ಯರು ಉಲ್ಲೇಖಿಸಿದ್ದರಿಂದ ನಿಯಮ ಉಳಿದಿದೆ. ಯ²ದ ಸಹಗುಣಕದ ನಾಲ್ಕರಷ್ಟರಿಂದ, ಅಂದರೆ ಹನ್ನೆರಡರಿಂದ, ಎರಡೂ ಕಡೆ ಗುಣಿಸಿ. ಯದ ಸಹಗುಣಕದ ವರ್ಗ 64ನ್ನು ಎರಡೂ ಕಡೆ ಕೂಡಿಸಿ. (6ಯ − 8)² = 784, ಅದು 28ರ ವರ್ಗ. ಯ ಆರು, ಒಂಟೆಗಳು ಮೂವತ್ತಾರು.

ಈ ಲೆಕ್ಕವನ್ನೂ ಅಡಿಕೆಯ ಚೌಕವನ್ನೂ ಮೊಮ್ಮಗಳಿಗೆ ಅಂಗಳದಲ್ಲಿಯೇ ತೋರಿಸಿದೆ. ಒಂಬತ್ತನೆಯ ಅಡಿಕೆ ಇಟ್ಟವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೇನಾ ಅಜ್ಜ? ಇದನ್ನು ಯಾಕೆ ತೆಗೆದ್ರು?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಎರಡನೆಯ ಬೆಂಚಿನ ಆ ಹುಡುಗಿ ಈಗ ಎಲ್ಲಿರುವಳೋ. ಅವಳಿಗೂ ಮಕ್ಕಳು, ಬಹುಶಃ ಮೊಮ್ಮಕ್ಕಳು ಇರಬಹುದು. ಅವಳ ಸಹಪಾಠಿಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ತಲುಪಿಸಿ. ಕೆಳಗೆ ಎರಡು ಎಲ್ಲಿಂದ ಬಂತೆಂದು ಕೇಳಿದ್ದೆಯಲ್ಲಮ್ಮಾ, ಆರು ಸಾಲುಗಳನ್ನು ಬಲಕ್ಕೆ ಮೂರು, ಕೆಳಕ್ಕೆ ಮೂರು ಎಂದು ಎರಡು ಪಾಲು ಮಾಡಿದೆವಲ್ಲ, ಆ ಎರಡು ಅದು.