ಟಾರು ರಸ್ತೆಗಿಳಿಯೋ ಎತ್ತಿಗೆ ಲಾಳ ಬೇಕೇ ಬೇಕು

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೊಲದಲ್ಲಿ ಗರಸು, ದಾರಿಯಲ್ಲಿ ಟಾರು. ಗೊರಸು ನಮ್ಮ ಉಗುರಿನಂಥದ್ದೇ. ಬೆಳೆಯೋದಕ್ಕಿಂತ ಬೇಗ ಸವೆದರೆ ಎತ್ತು ಕುಂಟುತ್ತೆ. ಅದಕ್ಕೇ ಲಾಳ. ಕುದುರೆಗೆ ಕಾಲಿಗೊಂದು, ಎತ್ತಿನ ಗೊರಸು ಸೀಳಿರೋದ್ರಿಂದ ಕಾಲಿಗೆರಡು, ಒಟ್ಟು 8. ಮೊಳೆ ಗೊರಸಿನ ಹೊರಗೋಡೆಯಲ್ಲೇ ನಿಂತರೆ ನೋವಿಲ್ಲ. ಒಳಮಾಂಸಕ್ಕೆ ತಗುಲಿದರೆ ಕೀವು ಕಟ್ಟೀತು.

ತೋಟಗಾರಿಕೆ ಓದಿದ ನಾನೇ ಲಾಳದ ಖರ್ಚು ಉಳಿಸೋಕೆ ಹೋಗಿ, ಎತ್ತು ಕುಂಟಿ, ಶೇಂಗಾ ಬಿತ್ತನೆಯ ಹದ ಕಳ್ಕೊಂಡೆ.

ಮೆತ್ತನೆ ಹೊಲದಲ್ಲಷ್ಟೇ ದುಡಿಯೋ ಎತ್ತಿಗೆ ಲಾಳ ಬೇಡ. ಗಾಡಿ ಎಳೆಯೋ ಎತ್ತಿಗೆ ತಪ್ಪಿಸಬೇಡಿ. ಹೊಡೆಸಿ ಮರೆಯಲೂಬೇಡಿ, ಗೊರಸು ಬೆಳೀತಲೇ ಇರುತ್ತೆ. ಸಡಿಲಾದರೆ ತೆಗೆಸಿ, ಗೊರಸು ಕೆತ್ತಿಸಿ, ಮತ್ತೆ ಹೊಡೆಸಿ. ಲಾಳ ಹೊಡೆಯೋರ ಕೂಲಿಯಲ್ಲಿ ಚೌಕಾಸಿ ಬೇಡ. ಆ ಕೈ ಕಸುಬು ಹೋದರೆ ನಮ್ಮ ಗಾಡಿಯೂ ನಿಲ್ಲುತ್ತೆ.